ಎಣ್ಣೆ ಕಂಪನಿಯದು, ಹೊಣೆ ಟ್ಯಾಂಕರಿನವನದು

ತಿಪಟೂರಿನಿಂದ ಕೊಬ್ಬರಿ ಹೇರಿಕೊಂಡು ಹೋದ ಲಾರಿಯವನು ಬರುವಾಗ ಏನಾದರೊಂದು ರಿಟರ್ನ್ ಲೋಡ್ ಹುಡುಕಿಕೊಳ್ಳುತ್ತಾನೆ. ಪೆಟ್ರೋಲ್ ಟ್ಯಾಂಕರಿಗೆ ಆ ಭಾಗ್ಯವಿಲ್ಲ. ದೇವನಗೊಂದಿಯಲ್ಲೋ ಮಂಗಳೂರಿನಲ್ಲೋ ತುಂಬಿಸಿಕೊಂಡು ಬಂಕಿನಲ್ಲಿ ಇಳಿಸಿದ ಮೇಲೆ ಖಾಲಿ ವಾಪಸಾಗಬೇಕು. ಅದಕ್ಕೇ ತೈಲ ಕಂಪನಿಗಳ ಟೆಂಡರಿನಲ್ಲಿ ಬಾಡಿಗೆಯನ್ನು ಹೋಗಿ ಬರುವ ಕಿಲೋಮೀಟರಿನ ಮೇಲೆ, ಸಾವಿರ ಲೀಟರಿಗೆ ಇಷ್ಟು ಎಂದು ಕಟ್ಟುತ್ತಾರೆ. ಇರುವುದೊಂದೇ ಟ್ಯಾಂಕರು, ಓಡಿಸುವವನೂ ತಾನೇ ಎಂದಾದರೆ ಗಾಡಿ ನಿಂತ ದಿನ ಸಂಪಾದನೆಯೂ ನಿಂತಂತೆ.

ನಿಜವಾದ ಪರೀಕ್ಷೆ ನಡೆಯುವುದು ಬಂಕಿನಲ್ಲಿ. ಎಣ್ಣೆ ಇಳಿಸುವ ಮುನ್ನ ಪ್ರತಿ ಕಂಪಾರ್ಟ್‌ಮೆಂಟಿಗೂ ಡಿಪ್ ರಾಡ್ ಇಳಿಸಿ ಮಟ್ಟ ನೋಡುತ್ತಾರೆ. ಕಾನೂನು ಮಾಪನ ಇಲಾಖೆಯ ಮುದ್ರೆಯಿರುವ ಈ ರಾಡ್ ಸುಳ್ಳು ಹೇಳದು, ಆದರೆ ಪೆಟ್ರೋಲ್ ತಣ್ಣಗಾದಷ್ಟೂ ಕುಗ್ಗುತ್ತದೆ. ಮಂಗಳೂರಿನ ಸುಡು ಮಧ್ಯಾಹ್ನ ತುಂಬಿದ 12,000 ಲೀಟರ್, ಮಡಿಕೇರಿಯ ಚಳಿಗೆ 10 ಡಿಗ್ರಿ ಇಳಿದರೆ ನೂರಕ್ಕೂ ಹೆಚ್ಚು ಲೀಟರ್ ಕಡಿಮೆ ಕಾಣುತ್ತದೆ. ಒಂದು ಹನಿಯೂ ಸೋರಿರುವುದಿಲ್ಲ! ಜಗಳ ಬಾರದಿರಲೆಂದೇ ಸಾಂದ್ರತೆಯನ್ನು 15 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿ ತಾಳೆ ನೋಡುವ ಕ್ರಮವಿದೆ. ಲೆಕ್ಕ ಗೊತ್ತಿಲ್ಲದ ಟ್ಯಾಂಕರಿನವನು ಮಾಡದ ತಪ್ಪಿಗೆ ಕಳ್ಳನೆನಿಸಿಕೊಳ್ಳುತ್ತಾನೆ.

ಅಪಾಯ ತುಂಬಿದ ಟ್ಯಾಂಕರಿನಲ್ಲಷ್ಟೇ ಇದೆ ಎಂದುಕೊಳ್ಳುವುದು ತಪ್ಪು. ಎಣ್ಣೆ ಇಳಿದ ಮೇಲೂ ಒಳಗೆ ಆವಿ ಉಳಿದಿರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇ. 1.4ರಿಂದ 7.6ರವರೆಗೆ ಇದ್ದರೆ ಒಂದು ಕಿಡಿಗೇ ಸಿಡಿಯುತ್ತದೆ. ಹಾಗಾಗಿ ಸಣ್ಣ ಬಿರುಕಿಗೆ ವೆಲ್ಡಿಂಗ್ ಮಾಡಿಸಬೇಕಾದರೂ ಮೊದಲು ಟ್ಯಾಂಕಿನ ಆವಿ ಪೂರ್ತಿ ಹೊರಹಾಕಿಸಿ, ಗ್ಯಾಸ್ ಇಲ್ಲವೆಂಬ ಪ್ರಮಾಣಪತ್ರ ಪಡೆಯಬೇಕು. ಒಂದು ದಿನದ ಬಾಡಿಗೆ ಹೋಗುತ್ತದೆಂದು ರಸ್ತೆ ಬದಿಯ ಗ್ಯಾರೇಜಿಗೆ ನುಗ್ಗಿಸುವುದು ಜೀವವನ್ನೇ ಪಣಕ್ಕಿಟ್ಟಂತೆ.

ಇದರ ಜೊತೆಗೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಲೈಸೆನ್ಸ್, ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರ (ಎಫ್‌ಸಿ), ವಿಮೆ, ಟ್ಯಾಂಕಿನ ಕ್ಯಾಲಿಬ್ರೇಷನ್, ಅಪಾಯಕಾರಿ ಸರಕು ಸಾಗಿಸುವ ಚಾಲಕನಿಗೆ ಕಡ್ಡಾಯವಾದ ಮೂರು ದಿನದ ತರಬೇತಿ ಎಲ್ಲವೂ ಬೇಕು. ಯಾವುದರ ಅವಧಿ ಮುಗಿದಿದ್ದರೂ ಲೋಡ್ ಸಿಗುವುದು ಕಷ್ಟ.

2024ರ ಜನವರಿ ಮೊದಲ ವಾರ ಟ್ಯಾಂಕರ್ ಚಾಲಕರು ಮುಷ್ಕರ ಹೂಡಿದಾಗ ದೇಶದ ಹಲವೆಡೆ ಬಂಕುಗಳ ಮುಂದೆ ಸಾಲು ಬೆಳೆಯಿತು. ಅಜಾಗರೂಕ ಚಾಲನೆಯಿಂದ ಸಾವಿಗೆ ಕಾರಣರಾಗಿ, ಪೊಲೀಸರಿಗೆ ತಿಳಿಸದೆ ಪರಾರಿಯಾದವರಿಗೆ 10 ವರ್ಷದವರೆಗೆ ಜೈಲು ಎಂಬ ಹೊಸ ನಿಯಮಕ್ಕೆ ಅವರ ವಿರೋಧವಿತ್ತು. ಅಲ್ಲೇ ನಿಂತರೆ ಜನ ಹೊಡೆಯುತ್ತಾರೆಂಬ ಭಯ ಅವರದು. ಈ ನಿಯಮವಿರುವ ಭಾರತೀಯ ನ್ಯಾಯ ಸಂಹಿತೆ ಅದೇ ವರ್ಷ ಜುಲೈ 1ರಂದು ಜಾರಿಯಾದಾಗ ಆ ಉಪವಿಧಿಯನ್ನು ಮಾತ್ರ ತಡೆಹಿಡಿಯಲಾಯಿತು. ಮಾಲೀಕನೂ ಚಾಲಕನೂ ಒಬ್ಬನೇ ಆಗಿರುವ ಮನೆಗಳಲ್ಲಿ ಈ ಸುದ್ದಿಯನ್ನು ಕಿವಿಗೊಟ್ಟು ಕೇಳಿದ್ದು ಸಹಜ: ಅವನು ಒಳಗೆ ಹೋದರೆ ಬದಲಿ ಓಡಿಸುವವರಿಲ್ಲ, ಸಾಲದ ಕಂತು ಮಾತ್ರ ತಿಂಗಳಿಗೆ ಸರಿಯಾಗಿ ಬರುತ್ತದೆ.