ಬೆಸುಗೆಯ ತಂತಿಗೆ ತಕ್ಕ ಗ್ಯಾಸು

ಸ್ಟೇನ್‌ಲೆಸ್ ಸ್ಟೀಲಿನ ತಗಡು ಥಳಥಳ ಹೊಳೆಯುತ್ತಿದ್ದರೂ ಬೆಸುಗೆ ಹಾಕಿದ ಜಾಗದಲ್ಲಿ ಮಾತ್ರ ಕಂದು ಗೆರೆ ಮೂಡಿರುವುದನ್ನು ನೀವೂ ನೋಡಿರುತ್ತೀರಿ. ಹೋಟೆಲಿನ ಮೇಜು, ನೀರಿನ ಟ್ಯಾಂಕು, ಮಹಡಿಯ ರೇಲಿಂಗ್ ಎಲ್ಲದರಲ್ಲೂ ಇದೇ ಕಥೆ. ಮಾಲು ಕಳಪೆ ಎಂದು ಅಂಗಡಿಯವರನ್ನು ಬೈಯುತ್ತೇವೆ. ಕೆಲವೊಮ್ಮೆ ಅದು ನಿಜವೂ ಇರಬಹುದು. ಸುಟ್ಟ ಬಣ್ಣವನ್ನು ಉಜ್ಜಿ ತೆಗೆಯದಿದ್ದರೂ, ಗ್ರೈಂಡರಿನ ಕಬ್ಬಿಣದ ಪುಡಿ ಮೇಲೆ ಬಿದ್ದರೂ ತುಕ್ಕು ಬರುತ್ತದೆ. ಆದರೆ ಎಷ್ಟೋ ಸಲ ಎಡವಟ್ಟಾಗಿರುವುದು ಅದಕ್ಕೂ ಮೊದಲೇ, ಯಂತ್ರಕ್ಕೆ ಯಾವ ತಂತಿ, ಯಾವ ಸಿಲಿಂಡರ್ ಜೋಡಿಸಬೇಕು ಎಂಬಲ್ಲಿ.

ಹೈದರಾಬಾದಿನ ಜೀಡಿಮೆಟ್ಲ, ಬಾಲಾನಗರ, ಚೆರ್ಲಪಲ್ಲಿಯ ಷೆಡ್ಡುಗಳಲ್ಲಿ ಮಿಗ್ ಬೆಸುಗೆ ಯಂತ್ರ ಈಗ ಮಾಮೂಲಿ. ಸುರುಳಿಯಿಂದ ಬರುವ ತೆಳು ತಂತಿಯನ್ನು ರೋಲರುಗಳು ಟಾರ್ಚಿನೊಳಗೆ ನೂಕುತ್ತಲೇ ಇರುತ್ತವೆ. ತಂತಿಯ ತುದಿಗೂ ಕೆಲಸದ ಲೋಹಕ್ಕೂ ನಡುವೆ ಕಿಡಿ ಹೊತ್ತಿ ಎರಡೂ ಕರಗಿ ಒಂದಾಗುತ್ತವೆ. ಗಾಳಿಯಲ್ಲಿರುವ ಆಮ್ಲಜನಕ, ಸಾರಜನಕ ಈ ಕರಗಿದ ಲೋಹಕ್ಕೆ ಸೇರಿದರೆ ಬೆಸುಗೆ ತೂತುಬಿದ್ದು ಪೆಡಸಾಗುತ್ತದೆ. ಅದಕ್ಕೇ ತಂತಿಯ ಸುತ್ತಲಿನ ನಾಝಲ್‌ನಿಂದ ಗ್ಯಾಸು ಸುರಿದು ಗಾಳಿಯನ್ನು ದೂರ ಇಡುತ್ತದೆ. ಗ್ಯಾಸಿನ ಕೆಲಸ ಇಷ್ಟೇ ಎಂದು ತಿಳಿದವರು ಎಲ್ಲ ಲೋಹಕ್ಕೂ ಒಂದೇ ಸಿಲಿಂಡರ್ ಸಾಕು ಅನ್ನುತ್ತಾರೆ. ಆದರೆ ಸಾವಿರಾರು ಡಿಗ್ರಿ ಉರಿಯಲ್ಲಿ ಆ ಗ್ಯಾಸೂ ಸುಮ್ಮನಿರುವುದಿಲ್ಲ.

ಬೇಸಿಗೆಯಲ್ಲಿ ಊರಿಡೀ ಓಡಾಡುವ ನೀರಿನ ಟ್ಯಾಂಕರನ್ನೇ ತೆಗೆದುಕೊಳ್ಳಿ. ಅದು ಸಾಮಾನ್ಯ ಎಂ.ಎಸ್. (ಮೃದು ಉಕ್ಕು) ತಗಡಿನದಾದರೆ ಬೆಸುಗೆಗೆ ಇಂಗಾಲದ ಡೈಆಕ್ಸೈಡ್ ಸಾಕು. ಅಗ್ಗ, ಆಳಕ್ಕೂ ಇಳಿಯುತ್ತದೆ. ಉರಿಯಲ್ಲಿ ಅದು ಒಡೆದು ಕಾರ್ಬನ್ ಮೊನಾಕ್ಸೈಡ್ ಮತ್ತು ಆಮ್ಲಜನಕವಾಗುತ್ತದೆ. ಯಾವ ಆಮ್ಲಜನಕವನ್ನು ಹೊರಗಿಡಬೇಕೆಂದು ಗ್ಯಾಸು ಹಾಯಿಸಿದೆವೋ ಅದೇ ಈಗ ಒಳಗೆ ಹುಟ್ಟಿತು! ಇದನ್ನು ಸಂಭಾಳಿಸುವುದು ತಂತಿಯ ಪಾಲಿನ ಕೆಲಸ. ಇ.ಆರ್.70ಎಸ್-6 ಎಂದು ಬರೆದಿರುವ ತಾಮ್ರಲೇಪದ ತಂತಿಯಲ್ಲಿ ಸುಮಾರು ಶೇ. 1ರಷ್ಟು ಸಿಲಿಕಾನ್, ಒಂದೂವರೆಯಷ್ಟು ಮ್ಯಾಂಗನೀಸ್ ಇರುತ್ತದೆ. ಕಬ್ಬಿಣಕ್ಕಿಂತ ಮೊದಲು ಇವೇ ಆಮ್ಲಜನಕವನ್ನು ಹಿಡಿದುಕೊಂಡು ಮೇಲೆ ತೇಲಿಬರುತ್ತವೆ. ಬೆಸುಗೆ ಆರಿದ ಮೇಲೆ ಹತ್ತಿರದಿಂದ ನೋಡಿ, ಅಲ್ಲಲ್ಲಿ ಕಂದು ಗಾಜಿನಂಥ ಸಣ್ಣ ಚುಕ್ಕೆಗಳು ಕಾಣುತ್ತವೆ. ಉಗುರಿಗೆ ತಾಕಿದರೆ ಚಕ್ಕೆಯಾಗಿ ಏಳುತ್ತವೆ. ಸಿಲಿಕಾನ್ ತನ್ನ ಕೆಲಸ ಮಾಡಿದ್ದಕ್ಕೆ ಅದೇ ಸಾಕ್ಷಿ. ಬಣ್ಣ ಹೊಡೆಯುವ ಮೊದಲು ಅವನ್ನು ಕೆರೆಯದಿದ್ದರೆ ಬಣ್ಣವೂ ಅಲ್ಲೇ ಮೊದಲು ಕಿತ್ತುಬರುತ್ತದೆ. ಇನ್ನು ಹೆಸರಿನ 70 ಅನ್ನುವುದು ಬೆಸುಗೆಯ ಬಲ, ಚದರ ಇಂಚಿಗೆ ಕನಿಷ್ಠ 70,000 ಪೌಂಡ್ ಎಳೆತ ತಾಳುತ್ತದೆ ಎಂದು.

ಈ ಅಗ್ಗದ ಗ್ಯಾಸು ಮಿಗ್‌ಗೆ ಬಂದದ್ದು ತಡವಾಗಿ. 1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ಈ ವಿಧಾನ ರೂಪುಗೊಂಡಾಗ ಅದು ದುಬಾರಿ ಜಡ ಅನಿಲದ ಆಸರೆಯಲ್ಲಿ ಅಲ್ಯೂಮಿನಿಯಂ ಬೆಸೆಯಲೆಂದೇ ಇತ್ತು. 1953ರ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ ಬಳಕೆ ಶುರುವಾದ ಮೇಲೆಯೇ ಉಕ್ಕಿನ ಕೆಲಸಕ್ಕೆ ಇದು ಎಟುಕಿದ್ದು.

ಅಗ್ಗಕ್ಕೆ ತೆರಬೇಕಾದ ಬೆಲೆ ಸ್ಪ್ಯಾಟರ್. ಇಂಗಾಲದ ಡೈಆಕ್ಸೈಡಿನಲ್ಲಿ ಕಿಡಿ ತಂತಿಯ ತುದಿಯಲ್ಲಿ ಕರಗಿದ ಹನಿಯ ತಳಕ್ಕೆ ಮಾತ್ರ ಕಚ್ಚಿಕೊಂಡು ಹನಿಯನ್ನು ಮೇಲಕ್ಕೇ ದಬ್ಬುತ್ತದೆ. ಹನಿ ಊದಿ, ಓರೆಯಾಗಿ ಬಿದ್ದು, ಸುತ್ತ ಸಿಡಿಯುತ್ತದೆ. ಶೇ. 80ಕ್ಕಿಂತ ಹೆಚ್ಚು ಆರ್ಗಾನ್ ಬೆರೆಸಿ ಕರೆಂಟು ಸಾಕಷ್ಟು ಏರಿಸಿದರೆ ಕಿಡಿ ಹನಿಯನ್ನು ಸುತ್ತುವರಿದು ಹಿಸುಕುತ್ತದೆ, ತಂತಿಯ ತುದಿ ಚೂಪಾಗಿ ಸಣ್ಣ ಸಣ್ಣ ಹನಿ ನೇರ ಇಳಿಯುತ್ತದೆ. ಹಾಗೆಂದು ಉಕ್ಕಿಗೆ ಬರೀ ಆರ್ಗಾನ್ ಕೊಡಬಾರದು. ಕಿಡಿ ಅಲೆದಾಡಿ ಬೆಸುಗೆ ಅಂಚಿಗೆ ಹರಡದೆ ಉಬ್ಬಿ ನಿಲ್ಲುತ್ತದೆ.

ಈಗ ಆ ಕಂದು ಗೆರೆಗೆ ಬರೋಣ. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಕ್ರೋಮಿಯಂ. ಮೇಲ್ಮೈಯಲ್ಲಿ ಅದು ಕಟ್ಟುವ ತೆಳು ಆಕ್ಸೈಡ್ ಪದರವೇ ತುಕ್ಕನ್ನು ತಡೆಯುತ್ತದೆ. ಬರೀ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಅದರ ಇಂಗಾಲ ಬೆಸುಗೆಗೆ ಇಳಿದು ಕ್ರೋಮಿಯಂ ಜೊತೆ ಕೂಡಿ ಲೋಹದ ಹರಳುಗಳ ಅಂಚಿನಲ್ಲಿ ಕಾರ್ಬೈಡ್ ಆಗಿ ಕೂರುತ್ತದೆ. ಅಕ್ಕಪಕ್ಕದಲ್ಲಿ ಕ್ರೋಮಿಯಂ ಬರಿದಾಗಿ ತುಕ್ಕಿಗೆ ದಾರಿಯಾಗುತ್ತದೆ. ಹೀಗಾಗಿ ಇಲ್ಲಿ ಆರ್ಗಾನ್‌ಗೆ ಶೇ. 2ರಷ್ಟು ಮಾತ್ರ ಇಂಗಾಲದ ಡೈಆಕ್ಸೈಡ್ ಅಥವಾ ಒಂದೆರಡು ಪಾಲು ಆಮ್ಲಜನಕ ಬೆರೆಸುತ್ತಾರೆ. ತಂತಿಯಲ್ಲೂ ಇಂಗಾಲ ಶೇ. 0.03 ದಾಟಬಾರದು, ಹೆಸರಿನ ಕೊನೆಯ ‘ಎಲ್’ ಹೇಳುವುದು ಅದನ್ನೇ. 304 ತಗಡಿಗೆ 308ಎಲ್ ತಂತಿ ಯಾಕೆ ಎಂದು ಹೊಸಬರು ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. ಅದರ ಮಿಶ್ರಣದಿಂದ ಬೆಸುಗೆಯಲ್ಲಿ ಸ್ವಲ್ಪ ಫೆರೈಟ್ (ಉಕ್ಕಿನ ಒಂದು ಹರಳು ರೂಪ) ಉಳಿದು, ಬಿಸಿಯಲ್ಲೇ ಬಿರುಕು ಬಿಡುವುದು ತಪ್ಪುತ್ತದೆ. ಸ್ಟೇನ್‌ಲೆಸ್ ತುಂಡನ್ನು ಎಂ.ಎಸ್. ಚೌಕಟ್ಟಿಗೆ ಕೂಡಿಸುವಾಗ 309ಎಲ್ ಬೇಕು. ಎಂ.ಎಸ್. ಕರಗಿ ಬೆರೆತು ಕ್ರೋಮಿಯಂ ತೆಳುವಾಗುತ್ತದಲ್ಲ, ಅದನ್ನು ಮೊದಲೇ ಹೆಚ್ಚಿಗೆ ತುಂಬಿಟ್ಟಿರುವ ತಂತಿ ಅದು.

ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಅದರ ಮೈಮೇಲಿನ ಆಕ್ಸೈಡ್ ಪೊರೆಗೆ 2,000 ಡಿಗ್ರಿಯೂ ಸಾಲದು. ತಂತಿಯನ್ನು ಧನಾತ್ಮಕ ತುದಿಗೆ ಜೋಡಿಸಿದಾಗ ಕಿಡಿಯೇ ಆ ಪೊರೆಯನ್ನು ಒಡೆಯುತ್ತದೆ. ಹೊಸ ಪೊರೆ ಕಟ್ಟದಿರಲು ಇಲ್ಲಿ ಶುದ್ಧ ಆರ್ಗಾನೇ ಆಗಬೇಕು, ತಗಡು ದಪ್ಪವಿದ್ದರೆ ಜೊತೆಗೆ ಹೀಲಿಯಂ. ತಂತಿ ಶೇ. 5 ಸಿಲಿಕಾನ್ ಇರುವ 4043, ಇಲ್ಲವೇ ಶೇ. 5 ಮೆಗ್ನೀಷಿಯಂ ಇರುವ 5356. ಆನೊಡೈಸ್ ಮಾಡುವ ವಸ್ತುವಿಗೆ 4043 ಬೇಡ, ಬೆಸುಗೆ ಕಪ್ಪಾಗಿ ಎದ್ದು ಕಾಣುತ್ತದೆ. ಮೆತ್ತಗಿನ ಅಲ್ಯೂಮಿನಿಯಂ ತಂತಿ ರೋಲರಿನ ಬಳಿ ಸಿಕ್ಕು ಬೀಳುವುದು ಸಾಮಾನ್ಯ. ಯು ಆಕಾರದ ತೋಡಿರುವ ರೋಲರ್, ಟೆಫ್ಲಾನ್ ಲೈನರ್ ಹಾಕಿದರೆ ಕಾಟ ತಗ್ಗುತ್ತದೆ. ಮಳೆಗಾಲದಲ್ಲಿ ಸುರುಳಿಯನ್ನು ತೆರೆದಿಡಬೇಡಿ. ತೇವದ ಹೈಡ್ರೋಜನ್ ಕರಗಿದ ಅಲ್ಯೂಮಿನಿಯಂಗೆ ಸೇರಿ, ಆರುವಾಗ ತೂತುಗಳನ್ನು ಬಿಡುತ್ತದೆ.

ಹೈದರಾಬಾದಿನದೇ ಕಂಚನ್‌ಬಾಗಿನಲ್ಲಿ 1973ರಲ್ಲಿ ಸ್ಥಾಪನೆಯಾದ ಮಿಧಾನಿ ಟೈಟಾನಿಯಂ ತಯಾರಿಸುತ್ತದೆ. ಆ ಲೋಹಕ್ಕೆ ಮುಂಭಾಗದಲ್ಲಿ ಆರ್ಗಾನ್ ಹಾಯಿಸಿದರೆ ಸಾಲದು. ಹಿಂಬದಿಗೂ, ಆರುತ್ತಿರುವ ಬೆಸುಗೆಯ ಮೇಲೂ ಹಾಯಿಸುತ್ತಲೇ ಇರಬೇಕು.

ಬೀದರ್, ಕಲಬುರಗಿ ಕಡೆಯಿಂದ ಕೆಲಸ ಹುಡುಕಿ ಇಲ್ಲಿಗೆ ಬರುವ ಹುಡುಗರು ಇದನ್ನೆಲ್ಲ ಉಸ್ತಾದರ ಪಕ್ಕ ನಿಂತು ಕಲಿಯುತ್ತಾರೆ. ಅವರಿಗೆ ಮೊದಲ ದಿನವೇ ಹೇಳಬೇಕಾದದ್ದು ಇನ್ನೊಂದಿದೆ. ಸೆಕೆಗೆ ಫ್ಯಾನ್ ಹತ್ತಿರ ಇಟ್ಟರೆ ಗ್ಯಾಸು ಚದುರಿ ಬೆಸುಗೆ ಕೆಡುತ್ತದೆ ಎಂದು ಅದನ್ನು ಆರಿಸಿಬಿಡುತ್ತಾರೆ. ತೆರೆದ ಷೆಡ್ಡಿನಲ್ಲಿ ಅದು ನಡೆಯುತ್ತದೆ, ಟ್ಯಾಂಕರಿನ ಒಳಗೆ ನಡೆಯದು. ಆರ್ಗಾನ್, ಇಂಗಾಲದ ಡೈಆಕ್ಸೈಡ್ ಎರಡೂ ಗಾಳಿಗಿಂತ ಭಾರ. ವಾಸನೆಯೂ ಇಲ್ಲದೆ ತಳದಲ್ಲಿ ತುಂಬಿ ಉಸಿರಾಟದ ಗಾಳಿಯನ್ನು ಹೊರಗೆ ದೂಡುತ್ತವೆ. ಒಳಗೆ ಇಳಿಯುವ ಮುನ್ನ ಆಮ್ಲಜನಕ ಅಳೆದು ನೋಡಬೇಕು, ಬ್ಲೋವರ್ ಬಿಡದೆ ಓಡುತ್ತಿರಬೇಕು, ಒಳಗಿರುವವನ ಮೇಲೆ ಕಣ್ಣಿಟ್ಟ ಒಬ್ಬರು ಟ್ಯಾಂಕರಿನ ಬಾಯಿಯ ಬಳಿ ನಿಂತೇ ಇರಬೇಕು. ಊಟಕ್ಕೆ ಹೊರಬಂದಾಗ ಟಾರ್ಚನ್ನು ಒಳಗೇ ಬಿಡದೆ ಜೊತೆಗೆ ತಂದು ಸಿಲಿಂಡರಿನ ವಾಲ್ವ್ ಮುಚ್ಚಬೇಕು.