ಹಸಿರು ಬಟಾಟೆಗೆ ಲೋಭ ಬೇಡ

ಮಸಾಲೆ ದೋಸೆ, ಪೂರಿ ಬಾಜಿ, ಬಟಾಟೆ ವಡೆ, ಪಾವ್ ಬಾಜಿ - ಹೊಟೇಲು ಮಾಲಕರಾದ ನಮಗೆ ಬಟಾಟೆ ಇಲ್ಲದೆ ಒಂದು ದಿನವೂ ಸಾಗದು. ಆದರೆ ಇದು ನಮ್ಮ ದೇಶದ ಬೆಳೆಯೇ ಅಲ್ಲ. ಇದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶ. ‘ಬಟಾಟೆ’ ಎಂಬ ಹೆಸರು ನಮಗೆ ಬಂದದ್ದು ಪೋರ್ಚುಗೀಸರಿಂದ. ಹೀಗೆ ಹೊರಗಿನಿಂದ ಬಂದ ಬೆಳೆಯ ಉತ್ಪಾದನೆಯಲ್ಲಿ ಇಂದು ಚೀನದ ನಂತರದ ಸ್ಥಾನ ಭಾರತದ್ದು. ವಿಶ್ವಸಂಸ್ಥೆಯು 2008ನ್ನು ಅಂತಾರಾಷ್ಟ್ರೀಯ ಬಟಾಟೆ ವರ್ಷವೆಂದು ಆಚರಿಸಿತ್ತು.

ನೆಲದೊಳಗೆ ಬೆಳೆಯುವುದರಿಂದ ಬಟಾಟೆಯನ್ನು ಬೇರು ಎಂದು ತಿಳಿದವರೇ ಹೆಚ್ಚು. ನಿಜವಾಗಿ ಅದು ಬೇರಲ್ಲ, ಉಬ್ಬಿದ ಕಾಂಡ. ಅದರ ಮೈಮೇಲಿನ ಕಣ್ಣುಗಳೇ ಮೊಗ್ಗುಗಳು. ಕಾಂಡವಾದುದರಿಂದಲೇ ಬೆಳಕು ಬಿದ್ದಾಗ ಅದು ಹಸಿರಾಗುತ್ತದೆ. ಈ ಹಸಿರು ಎಲೆಯ ಹಸಿರೇ, ಅದರಿಂದ ಕೇಡಿಲ್ಲ. ಆದರೆ ಅದೇ ಬೆಳಕಿಗೆ ಸೊಲನಿನ್ ಎಂಬ ವಿಷವೂ ಹೆಚ್ಚುತ್ತದೆ. ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡ ಮಾಡಿಕೊಂಡ ಉಪಾಯವಿದು. ಸಿಪ್ಪೆ, ಕಣ್ಣು ಮತ್ತು ಮೊಳಕೆಗಳಲ್ಲಿ ಇದರ ಪ್ರಮಾಣ ಜಾಸ್ತಿ. ಬೇಯಿಸಿದರೂ ಹೋಗುವುದಿಲ್ಲ.

ಇದು ಬರೀ ಹೆದರಿಸುವ ಮಾತಲ್ಲ. 1969ರಲ್ಲಿ ಲಂಡನ್ನಿನ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 78 ಹುಡುಗರಿಗೆ ವಾಂತಿ ಭೇದಿ ಹತ್ತಿಕೊಂಡಿತು. 17 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಪುಣ್ಯಕ್ಕೆ ಎಲ್ಲರೂ ಗುಣವಾದರು. ವಿಚಾರಿಸಿದಾಗ ಸಂಶಯ ಹೋದದ್ದು ರಜೆಗೆ ಮುಂಚಿನಿಂದ ಉಳಿದಿದ್ದ ಒಂದು ಚೀಲ ಹಳೆಯ ಬಟಾಟೆಯ ಮೇಲೆ. ಸುಮ್ಮನೆ ಯಾಕೆ ಬಿಸಾಡುವುದು ಎಂಬ ಯೋಚನೆ ನಮ್ಮ ಅಡಿಗೆಮನೆಗಳಲ್ಲೂ ಇದ್ದದ್ದೇ ಅಲ್ಲವೇ?

ಆದ್ದರಿಂದ ಚೀಲಗಳನ್ನು ಟ್ಯೂಬ್‌ಲೈಟಿನ ಅಡಿಯಲ್ಲಾಗಲಿ, ಬಿಸಿಲು ಬೀಳುವ ಹಿತ್ತಿಲ ಬಾಗಿಲಲ್ಲಾಗಲಿ ಇಡಬಾರದು. ಗಾಳಿಯಾಡುವ ಕತ್ತಲ ಜಾಗವೇ ಒಳ್ಳೆಯದು. ಗೋಣಿಯಿಂದ ಮುಚ್ಚಿದರೂ ಆದೀತು. ಹಳೆಯ ಮಾಲು ಮೊದಲು ಮುಗಿಯಲಿ, ಹೊಸದು ಆಮೇಲೆ. ಹಾಗೆಂದು ಫ್ರಿಜ್ಜಿನಲ್ಲಿಡುವುದೂ ಸರಿಯಲ್ಲ. ತೀರಾ ತಣ್ಣಗಾದರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಅಂಥದ್ದನ್ನು ಎಣ್ಣೆಗೆ ಬಿಟ್ಟರೆ ಬೇಯುವ ಮೊದಲೇ ಕಪ್ಪಾಗುತ್ತದೆ.

ಸಣ್ಣ ಹಸಿರು ಕಲೆ ಇದ್ದರೆ ದಪ್ಪಗೆ ಕೆತ್ತಿ ತೆಗೆಯಬಹುದು. ಹಸಿರು ಹೆಚ್ಚಾಗಿದ್ದರೆ, ಮೊಳಕೆ ಬಂದು ಮುದುಡಿದ್ದರೆ ಅಥವಾ ರುಚಿ ಕಹಿಯಾಗಿದ್ದರೆ ಬಿಸಾಡುವುದೇ ಸೈ. ಇದನ್ನು ಮುಖ್ಯ ಭಟ್ಟರಿಗೆ ಹೇಳಿದರೆ ಸಾಲದು. ಬೇಯಿಸಿ, ಹಿಚುಕಿ, ಅರಿಶಿನ ಬಿದ್ದ ಮೇಲೆ ಹಸಿರು ಯಾರ ಕಣ್ಣಿಗೂ ಕಾಣದು. ಬಟಾಟೆ ತೊಳೆಯುವ ಕೆಲಸಗಾರನಿಗೇ, ಅವನ ಭಾಷೆಯಲ್ಲಿ, ನಾವು ಮಾಲಕರು ತಿಳಿಸಿ ಹೇಳಬೇಕು.