ಪ್ರಾಯದ ಮಕ್ಕಳ ಯಕೃತ್ತಿನಲ್ಲಿ ಕೊಬ್ಬು

ನಮ್ಮ ಶಾಲೆಯಲ್ಲಿ ಓದಿ ಹೋದ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವರು. ಅವರೂ ಇತರ ಪೋಷಕರೂ ಈ ಸಂಚಿಕೆಯನ್ನು ಓದುವರಾದುದರಿಂದ, ಮನೆಗೂ ಶಾಲೆಗೂ ಸಮಾನವಾಗಿ ಸಂಬಂಧಪಟ್ಟ ಒಂದು ಆರೋಗ್ಯವಿಷಯವನ್ನು ಇಲ್ಲಿ ವಿವರಿಸುವುದು ಉಚಿತವೆಂದು ತೋರಿತು. ಸ್ಥೂಲಕಾಯರಾದ ಮಕ್ಕಳ ಯಕೃತ್ತಿನಲ್ಲಿ ಕೊಬ್ಬು ಸೇರುವ ವ್ಯಾಧಿಯೇ ಆ ವಿಷಯ. ಇದು ಸಾಮಾನ್ಯವಾಗಿ ನೋವಿಲ್ಲದೆ ಬರುತ್ತದೆ, ಹುಡುಕಿದವರಿಗೇ ಕಾಣುತ್ತದೆ, ಬೇಗನೆ ಕಂಡುಕೊಂಡರೆ ಬಹುಮಟ್ಟಿಗೆ ಹಿಮ್ಮೆಟ್ಟುತ್ತದೆ.

ಯಕೃತ್ತು ಹೊಟ್ಟೆಯ ಮೇಲ್ಭಾಗದಲ್ಲಿ, ಬಲಗಡೆ, ಪಕ್ಕೆಲುಬುಗಳ ಮರೆಯಲ್ಲಿರುವ ಅಂಗ. ಇದನ್ನು ಪಿತ್ತಜನಕಾಂಗವೆಂದೂ ಆಡುಮಾತಿನಲ್ಲಿ ಈಲಿ ಎಂದೂ ಕರೆಯುವರು. ದೇಹದೊಳಗಿನ ಅಂಗಗಳಲ್ಲಿ ಇದೇ ಅತಿ ದೊಡ್ಡದು. ಪಿತ್ತರಸವನ್ನು ಸುರಿಸುವುದು, ರಕ್ತದಲ್ಲಿ ಸಕ್ಕರೆಯ ಪ್ರಮಾಣವನ್ನು ಹದದಲ್ಲಿಡುವುದು, ವಿಷಪದಾರ್ಥಗಳನ್ನು ನಿವಾರಿಸುವುದು ಮುಂತಾದ ಕೆಲಸಗಳನ್ನು ಅದು ಎಡೆಬಿಡದೆ ನಡೆಸುತ್ತದೆ. ದೇಹದ ವೆಚ್ಚಕ್ಕೆ ಮೀರಿದ ಆಹಾರ, ವಿಶೇಷವಾಗಿ ಸಕ್ಕರೆ, ದಿನದಿನವೂ ಬಂದು ಬಿದ್ದರೆ ಅದನ್ನು ಕೊಬ್ಬಾಗಿ ಮಾರ್ಪಡಿಸಿ ತನ್ನ ಜೀವಕಣಗಳಲ್ಲಿಯೇ ಕೂಡಿಡತೊಡಗುತ್ತದೆ. ನೂರಕ್ಕೆ 5ಕ್ಕಿಂತ ಹೆಚ್ಚು ಜೀವಕಣಗಳಲ್ಲಿ ಕೊಬ್ಬು ಕಂಡರೆ ವೈದ್ಯರು ಅದನ್ನು ಫ್ಯಾಟಿ ಲಿವರ್ ಎನ್ನುವರು. ಕೆಲವರಲ್ಲಿ ಕೊಬ್ಬು ಸುಮ್ಮನಿರದೆ ಉರಿಯೂತವನ್ನುಂಟುಮಾಡುತ್ತದೆ; ಉರಿಯೂತದಿಂದ ಗಾಯದ ಕಲೆಯಂತಹ ನಾರು ಬೆಳೆಯುತ್ತದೆ; ವರ್ಷಗಳು ಕಳೆದಂತೆ ಕೆಲವರ ಯಕೃತ್ತು ಗಡುಸಾಗಿ ಸಿರೋಸಿಸ್ ಎಂಬ ಸ್ಥಿತಿಗೆ ಬರುತ್ತದೆ.

ಯಕೃತ್ತಿನ ರೋಗವೆಂದರೆ ಕುಡುಕರ ರೋಗವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮದ್ಯವನ್ನು ಮುಟ್ಟದ ಮನೆಯ ತಾಯಿಗೆ, ನಿಮ್ಮ ಮಗಳ ಯಕೃತ್ತನ್ನು ಪರೀಕ್ಷಿಸಬೇಕೆಂದರೆ ಅದು ಅಪವಾದದಂತೆ ಕೇಳಿಸೀತು. ಆದರೆ ಮದ್ಯಪಾನವಿಲ್ಲದವರಲ್ಲಿಯೂ ಅದೇ ಬಗೆಯ ಕೆಡುಕು ಉಂಟಾಗುವುದನ್ನು 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಲುಡ್ವಿಗ್ ಮತ್ತು ಸಂಗಡಿಗರು ವಿವರಿಸಿ ಅದಕ್ಕೊಂದು ಹೆಸರನ್ನು ಕೊಟ್ಟರು. 1983ರಲ್ಲಿ ಸ್ಥೂಲಕಾಯರಾದ ಮೂವರು ಮಕ್ಕಳಲ್ಲಿ ಅದೇ ವ್ಯಾಧಿಯು ವರದಿಯಾಯಿತು. ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋ ಪ್ರಾಂತದಲ್ಲಿ 1993ರಿಂದ 2003ರ ವರೆಗೆ ಅಕಾಲಮರಣಕ್ಕೀಡಾದ, 2ರಿಂದ 19 ವರ್ಷದ 742 ಮಕ್ಕಳ ಶವಪರೀಕ್ಷೆಯ ವಿವರಗಳನ್ನು ವೈದ್ಯರು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದರು. ಅವರಲ್ಲಿ ಸ್ಥೂಲಕಾಯರಾಗಿದ್ದ ಮಕ್ಕಳ ಪೈಕಿ ನೂರಕ್ಕೆ 38 ಮಂದಿಯ ಯಕೃತ್ತಿನಲ್ಲಿ ಕೊಬ್ಬು ಸೇರಿತ್ತು. ನಮ್ಮ ದೇಶದಲ್ಲಿಯೂ 2021ರಲ್ಲಿ ಕೇಂದ್ರ ಸರ್ಕಾರವು ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರುಗಳ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ವ್ಯಾಧಿಯನ್ನು ಸೇರಿಸಿತು.

ಹಾಗಾದರೆ ಯಾವ ಮಗುವನ್ನು ಪರೀಕ್ಷಿಸಬೇಕು? ಕಣ್ಣಂದಾಜು ಸಾಲದು. ತೂಕವನ್ನು ಕಿಲೋಗ್ರಾಮುಗಳಲ್ಲಿ ತೆಗೆದುಕೊಂಡು, ಮೀಟರುಗಳಲ್ಲಿರುವ ಎತ್ತರದಿಂದ ಎರಡು ಸಾರಿ ಭಾಗಿಸಿದರೆ ಬಿ.ಎಂ.ಐ. ಎಂಬ ಸಂಖ್ಯೆ ಬರುತ್ತದೆ. ಎತ್ತರ ಒಂದೂವರೆ ಮೀಟರು, ತೂಕ 63 ಕಿಲೋಗ್ರಾಂ ಇರುವ ಹುಡುಗಿಗೆ ಅದು 28. ಬೆಳೆಯುವ ಮಕ್ಕಳಲ್ಲಿ ಈ ಸಂಖ್ಯೆಯನ್ನು ವಯಸ್ಸಿಗೆ ತಕ್ಕಂತೆ ತೂಗಿನೋಡಬೇಕು. ಭಾರತೀಯ ಮಕ್ಕಳ ವೈದ್ಯರ ಸಂಘವು ಇದಕ್ಕಾಗಿ 2015ರಲ್ಲಿ 5ರಿಂದ 18 ವರ್ಷದವರಿಗೆ ನಕ್ಷೆಗಳನ್ನು ಪ್ರಕಟಿಸಿದೆ. ಅವುಗಳಲ್ಲಿ ಅಧಿಕ ತೂಕದ ಗೆರೆಯು ಪ್ರಾಯಸ್ಥರ 23ಕ್ಕೂ, ಸ್ಥೂಲಕಾಯದ ಗೆರೆಯು 27ಕ್ಕೂ ಸಮನಾಗಿವೆ. ಇವು ಪಾಶ್ಚಾತ್ಯರ ಗೆರೆಗಳಿಗಿಂತ ಕೆಳಗಿರುವುದಕ್ಕೆ ಕಾರಣವುಂಟು: ಅಷ್ಟೇ ತೂಕದಲ್ಲಿ ನಮ್ಮವರ ದೇಹದಲ್ಲಿ, ಅದರಲ್ಲಿಯೂ ಹೊಟ್ಟೆಯ ಸುತ್ತ, ಕೊಬ್ಬು ಹೆಚ್ಚಾಗಿರುತ್ತದೆ. ಆದುದರಿಂದ ನಡುವಿನ ಸುತ್ತಳತೆಯನ್ನೂ ನೋಡತಕ್ಕದ್ದು. ಇದಕ್ಕೆ ಹೊಲಿಗೆಯ ಟೇಪೊಂದು ಸಾಕು. ಸುತ್ತಳತೆಯು ಎತ್ತರದ ಅರ್ಧವನ್ನು ಮೀರಿದ್ದರೆ ಎಚ್ಚರವಹಿಸಬೇಕು.

ಇನ್ನು ಕೆಲವು ಕುರುಹುಗಳುಂಟು. ಕತ್ತಿನ ಹಿಂಭಾಗದಲ್ಲಿಯೂ ಕಂಕುಳಲ್ಲಿಯೂ ಚರ್ಮವು ಕಪ್ಪಾಗಿ, ಮಖಮಲ್ಲಿನಂತೆ ದಪ್ಪನಾಗುವುದು ಒಂದು. ಇದನ್ನು ಕೊಳೆಯೆಂದು ಭಾವಿಸಿ ಕಡಲೆಹಿಟ್ಟು ಹಚ್ಚಿ ಉಜ್ಜುವ ತಾಯಂದಿರಿದ್ದಾರೆ. ಸ್ನಾನ ಮಾಡುವುದಿಲ್ಲವೇ ಎಂದು ಹುಡುಗಿಯನ್ನು ಹಾಸ್ಯಮಾಡುವ ಗೆಳತಿಯರೂ ಇದ್ದಾರೆ. ಎಷ್ಟು ಉಜ್ಜಿದರೂ ಅದು ಹೋಗದು. ಯಾಕೆಂದರೆ ಸ್ಥೂಲಕಾಯದ ಮಕ್ಕಳಲ್ಲಿ ಅದು ಬಹುಮಟ್ಟಿಗೆ, ಇನ್ಸುಲಿನ್ ಎಂಬ ರಸವು ರಕ್ತದಲ್ಲಿ ಹೆಚ್ಚಿದೆ, ದೇಹವು ಅದಕ್ಕೆ ಸರಿಯಾಗಿ ಓಗೊಡುತ್ತಿಲ್ಲ ಎಂಬುದರ ಗುರುತು. ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ನಿದ್ರೆಯಲ್ಲಿ ಗೊರಕೆಯೊಡನೆ ಉಸಿರು ತಡೆಯುವುದು, ಮನೆತನದಲ್ಲಿ ಸಕ್ಕರೆ ಕಾಯಿಲೆಯಾಗಲಿ ಈ ವ್ಯಾಧಿಯಾಗಲಿ ಇರುವುದು, ಇವೂ ಗಮನಾರ್ಹವಾದವು. ಇವು ಯಾವುವೂ ಇಲ್ಲದೆ, ಆಟಪಾಠಗಳಲ್ಲಿ ಚುರುಕಾಗಿರುವ ಮಗುವಿನಲ್ಲಿಯೂ ವ್ಯಾಧಿಯಿರಬಹುದು.

ಪರೀಕ್ಷೆಯ ಮೊದಲ ಮೆಟ್ಟಲು ಸುಲಭವಾದದ್ದು. ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗತಜ್ಞರ ಸಂಘವು 2017ರಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ, ಸ್ಥೂಲಕಾಯದ ಮಕ್ಕಳಿಗೂ, ಅಧಿಕ ತೂಕದೊಡನೆ ಮೇಲಿನಂತಹ ಇತರ ಕಾರಣಗಳಿರುವ ಮಕ್ಕಳಿಗೂ 9ರಿಂದ 11ರ ವಯಸ್ಸಿನಲ್ಲಿಯೇ ಎ.ಎಲ್.ಟಿ. ಎಂಬ ರಕ್ತಪರೀಕ್ಷೆಯನ್ನು ಮಾಡಿಸಬೇಕು. ನಮ್ಮ ಪ್ರಯೋಗಶಾಲೆಗಳ ಕಾಗದದಲ್ಲಿ ಇದು ಎಸ್.ಜಿ.ಪಿ.ಟಿ. ಎಂದು ಬರೆದಿರುತ್ತದೆ. ಯಕೃತ್ತಿನ ಕಣಗಳು ಪೆಟ್ಟುತಿಂದಾಗ ಈ ಪದಾರ್ಥವು ರಕ್ತಕ್ಕೆ ಸೋರುತ್ತದೆ. ಇಲ್ಲಿ ತಾಯಂದಿರು ನೆನಪಿನಲ್ಲಿಡಬೇಕಾದ ಮಾತೊಂದುಂಟು. ಅನೇಕ ಪ್ರಯೋಗಶಾಲೆಗಳು 40ರ ಆಸುಪಾಸಿನವರೆಗೂ ಸಹಜವೆಂದು ಅಚ್ಚುಹಾಕುತ್ತವೆ. ಆದರೆ ಆ ಸೂಚನೆಗಳಲ್ಲಿ ಹುಡುಗಿಯರಿಗೆ 22, ಹುಡುಗರಿಗೆ 26 ಮಾತ್ರವೇ ಮೇಲಿನ ಮಿತಿ. ಆದುದರಿಂದ 38 ಎಂದು ಬಂದ ಹುಡುಗಿಯ ಕಾಗದದಲ್ಲಿ ಕೆಂಪು ಗುರುತು ಇಲ್ಲದಿದ್ದರೂ, ಅದನ್ನು ಮಡಿಚಿ ಪೆಟ್ಟಿಗೆಯಲ್ಲಿಡದೆ ವೈದ್ಯರಿಗೆ ತೋರಿಸಬೇಕು. ಮಿತಿಯ ಇಮ್ಮಡಿಗೆ ಮೀರಿದ ಸಂಖ್ಯೆಯು ಮೂರು ತಿಂಗಳ ಮೇಲೂ ಹಾಗೆಯೇ ಉಳಿದರೆ ವಿವರವಾದ ಪರೀಕ್ಷೆ ಅಗತ್ಯ. 80ನ್ನು ಮೀರಿದರೆ ತಡಮಾಡಕೂಡದು. ಸಂಖ್ಯೆ ಸರಿಯಾಗಿದ್ದರೂ, ತೂಕ ಮೊದಲಿನಂತೆಯೇ ಇದ್ದರೆ, ಎರಡು ಮೂರು ವರ್ಷಗಳಿಗೊಮ್ಮೆ ಮತ್ತೆ ನೋಡಬೇಕು. ಸರಿಯಾದ ಸಂಖ್ಯೆಯು ವ್ಯಾಧಿಯಿಲ್ಲವೆಂಬುದಕ್ಕೆ ಪೂರ್ಣ ಸಾಕ್ಷಿಯಲ್ಲ.

ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರೆ ಸಾಲದೇ ಎಂದು ಕೇಳುವವರುಂಟು. ಅಲ್ಟ್ರಾಸೌಂಡಿಗೆ ಹೆಚ್ಚಾದ ಕೊಬ್ಬು ಕಾಣುತ್ತದೆ, ಅಲ್ಪಸ್ವಲ್ಪವಾದದ್ದು ತಪ್ಪಿಹೋಗುತ್ತದೆ. ಯಕೃತ್ತಿನ ಗಡಸುತನವನ್ನು ಅಳೆಯುವ ಫೈಬ್ರೋಸ್ಕ್ಯಾನ್, ಕೊಬ್ಬಿನ ಪ್ರಮಾಣವನ್ನು ನಿಖರವಾಗಿ ತೋರಿಸುವ ಎಂ.ಆರ್.ಐ. ದೊಡ್ಡ ಆಸ್ಪತ್ರೆಗಳಲ್ಲಿ ದೊರೆಯುತ್ತವೆ. ಸೂಜಿಯಿಂದ ಯಕೃತ್ತಿನ ಚೂರನ್ನು ತೆಗೆದು ನೋಡುವುದು ಕೆಲವರಿಗೆ ಮಾತ್ರ ಬೇಕಾಗುತ್ತದೆ. ಎಸ್.ಜಿ.ಪಿ.ಟಿ. ಏರಿದುದಕ್ಕೆಲ್ಲ ಕೊಬ್ಬೇ ಕಾರಣವೆಂದು ಮನೆಯಲ್ಲಿಯೇ ತೀರ್ಮಾನಿಸಬಾರದು. ಹೆಪಟೈಟಿಸ್ ರೋಗಾಣುಗಳು, ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ರೋಗ, ಕೆಲವು ಔಷಧಿಗಳು ಮುಂತಾದವನ್ನು ವೈದ್ಯರು ಮೊದಲು ವಿಚಾರಿಸುವರು.

ವ್ಯಾಧಿಯು ಕಂಡುಬಂದರೆ ಧೈರ್ಯಗೆಡಬೇಕಾಗಿಲ್ಲ. 2019ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಈ ವ್ಯಾಧಿಯಿದ್ದ 11ರಿಂದ 16 ವರ್ಷದ 40 ಹುಡುಗರನ್ನು ಎರಡು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿನವರ ಆಹಾರದಿಂದ ಬೆರೆಸಿದ ಸಕ್ಕರೆಯನ್ನು ಬಹುತೇಕ ತೆಗೆದುಹಾಕಿದರು. ಇನ್ನೊಂದು ಗುಂಪಿನವರು ಎಂದಿನಂತೆ ಉಂಡರು. ಎಂಟು ವಾರಗಳಲ್ಲಿ ಮೊದಲನೆಯವರ ಯಕೃತ್ತಿನ ಕೊಬ್ಬು ಸರಾಸರಿ ನೂರಕ್ಕೆ 25ರಿಂದ 17ಕ್ಕೆ ಇಳಿಯಿತು. ಎರಡನೆಯವರಲ್ಲಿ 21ರಿಂದ 20ಕ್ಕೆ ಮಾತ್ರ. ಆ ಪ್ರಯೋಗದಲ್ಲಿ ಹುಡುಗನೊಬ್ಬನ ತಟ್ಟೆಯನ್ನಷ್ಟೇ ಅಲ್ಲದೆ ಮನೆಮಂದಿಯೆಲ್ಲರ ಊಟವನ್ನೂ ಬದಲಾಯಿಸಿದ್ದರೆಂಬುದು ಮನನೀಯ. ಅಣ್ಣತಮ್ಮಂದಿರ ಮುಂದೆ ಬೇಕರಿಯ ತಿಂಡಿಯನ್ನಿಟ್ಟು ಮಗಳೊಬ್ಬಳಿಗೆ ಬೇಡವೆನ್ನುವುದು ನ್ಯಾಯವೂ ಅಲ್ಲ, ಫಲಕಾರಿಯೂ ಅಲ್ಲ. ಬಾಟಲಿಯ ಸಿಹಿ ಪಾನೀಯಗಳನ್ನು ಮನೆಗೆ ತರದೆ ನೀರು ಮಜ್ಜಿಗೆಗಳನ್ನಿಡುವುದು, ಸೊಪ್ಪು ಕಾಳುಗಳನ್ನು ಹೆಚ್ಚಿಸಿ ಅನ್ನವನ್ನು ಮಿತಗೊಳಿಸುವುದು, ದಿನಕ್ಕೊಂದು ಗಂಟೆಯಾದರೂ ಮೈಬೆವರುವಂತೆ ಆಡಗೊಡುವುದು, ಇವೇ ಮುಖ್ಯ ಚಿಕಿತ್ಸೆ. ದೊಡ್ಡ ಹುಡುಗಿಯೆಂದು ಆಟದ ಪಿರಿಯಡ್ಡಿನಿಂದ ಬಿಡಿಸಿಕೊಳ್ಳಲು ಚೀಟಿ ಬರೆದು ಕಳುಹಿಸುವ ತಾಯಂದಿರು ಇದನ್ನು ಯೋಚಿಸಬೇಕೆಂದು ಕೋರುತ್ತೇನೆ. ಉಪವಾಸದಿಂದಾಗಲಿ, ಜಾಹೀರಾತಿನ ಮದ್ದುಗಳಿಂದಾಗಲಿ ಮಕ್ಕಳನ್ನು ಕರಗಿಸಲು ಯತ್ನಿಸಕೂಡದು.

ಕೊನೆಯದಾಗಿ, ಮಾತಿನ ವಿಷಯ. ದಪ್ಪಗಿರುವ ಹುಡುಗಿಗೆ ತಾನು ದಪ್ಪಗಿರುವೆನೆಂಬುದನ್ನು ಯಾರೂ ಹೊಸದಾಗಿ ತಿಳಿಸಬೇಕಾಗಿಲ್ಲ. ಬಂಧುಗಳೂ ಬೀದಿಯವರೂ ದಿನವೂ ತಿಳಿಸುತ್ತಿರುವರು. ಅವಮಾನಗೊಂಡವಳು ತೂಕದ ದಿನ ಶಾಲೆಗೆ ಬಾರದಿರುವಳು, ವೈದ್ಯರ ಬಳಿಗೆ ಹೋಗಲು ಒಲ್ಲೆನೆನ್ನುವಳು, ಮರೆಯಲ್ಲಿ ತಿನ್ನುವಳು. ಹೀಗೆ ನಮ್ಮ ನಾಲಗೆಯೇ ಪರೀಕ್ಷೆಯ ಬಾಗಿಲನ್ನು ಮುಚ್ಚಿಬಿಡುತ್ತದೆ. ಅವಳಿಗೆ ದೇವರು ವಹಿಸಿಕೊಟ್ಟ ಶರೀರವು ನಾಚಿಕೆಯ ವಸ್ತುವಲ್ಲ, ಜೋಪಾನಕ್ಕೆ ಯೋಗ್ಯವಾದ ನಿಧಿ ಎಂಬುದು ನಮ್ಮ ನಡೆನುಡಿಗಳಿಂದಲೇ ಅವಳಿಗೆ ತಿಳಿಯಬೇಕು. ನಿನ್ನ ಯಕೃತ್ತು ಹೇಗಿದೆಯೆಂದು ನೋಡೋಣ, ನಾನೂ ಜೊತೆಗೆ ಬರುತ್ತೇನೆ ಎಂದು ತಾಯಿ ಕೈಹಿಡಿದು ಕರೆದರೆ ಬಾರದ ಮಗಳು ವಿರಳ. ಈ ಬೇಸಿಗೆಯ ರಜದಲ್ಲಿ ಆ ಒಂದು ಪರೀಕ್ಷೆಗೆ ಒಂದು ಬೆಳಗನ್ನು ಮೀಸಲಿಡಬೇಕೆಂದು ನಮ್ಮ ಶಾಲೆಯ ತಾಯಿತಂದೆಗಳನ್ನು ವಿನಯಪೂರ್ವಕವಾಗಿ ಬೇಡಿಕೊಳ್ಳುತ್ತೇನೆ.